ಉದ್ದ ಮೊಳ

ಮದುವೆಯಾಗಿ ಹತ್ತು ವರ್ಷ ತುಂಬುವ ದಿನ ಎಲ್ಲಿಗೆ ಹೋಗೋಣ ಎಂದು ಗಂಡ ಕೇಳಿದಾಗ, ಮಮತ ಹಿಂದೆಮುಂದೆ ನೋಡದೆ, “ಹುಣಸೇಮರದ ಬಾರ್‌ಗೆ” ಅಂದಳು. ತಾನಾಗಿ ಬಾರ್‌ಗೆ ಕರೆದುಕೊಂಡು ಹೋಗು ಅನ್ನುವ ಹೆಂಡತಿ ಸಿಕ್ಕರೆ ಗಂಡನಾದವನು ಕುಣಿದಾಡಬೇಕು. ಭೀಮರಾಜ ಮಾತ್ರ ಹರಳೆಣ್ಣೆ ಕುಡಿದವರ ಮುಖ ಮಾಡಿದ.

“ಅಲ್ಲಿ ಬೇಡ ಬಿಡೇ. ಅಡುಗೆಯವನು ಬದಲಾಗಿದ್ದಾನೆ, ಊಟ ಬಾಯಿಗಿಡೋ ಹಂಗಿಲ್ಲ.”

“ಮದುವೆ ಆದ್ಮೇಲೆ ಆ ಕಡೆ ತಲೆನೇ ಹಾಕಿಲ್ಲ ಅಂತೀರಲ್ಲ, ಅಡುಗೆಯವನು ಬದಲಾಗಿದ್ದು ಹೆಂಗೆ ಗೊತ್ತಾಯ್ತು?”

“ಫ್ಯಾಕ್ಟ್ರೀಲಿ ಯಾರೋ ಅಂದ್ರು.”

ಆ ‘ಯಾರೋ’ ಮಮತಳ ಗಂಟಲಲ್ಲಿ ಮೀನಿನ ಮುಳ್ಳಾಗಿ ಉಳಿಯಿತು.

ಪಿಲ್ಲಗುಂಪೆಯ ಕಾರ್ಖಾನೆಗಳಿಂದ ಹೊಸಕೋಟೆಗೆ ಬರುವ ದಾರಿಯಲ್ಲಿದ್ದ ಆ ಬಾರ್‌ಗೆ ಬೋರ್ಡಿನ ಮೇಲೆ ಬೇರೆ ದೊಡ್ಡ ಹೆಸರಿತ್ತು. ಅದನ್ನು ಓದಿದವರು ಯಾರೂ ಇಲ್ಲ. ಹಿಂದುಗಡೆ ಫ್ಯಾಮಿಲಿಯವರಿಗೆಂದು ಪರದೆ ಕಟ್ಟಿದ ಐದಾರು ಗೂಡುಗಳಿದ್ದವು. ಹನ್ನೆರಡು ವರ್ಷದ ಹಿಂದೆ ಮಮತ ಸ್ವಿಚ್ ಕಾರ್ಖಾನೆಯ ಹುಡುಗಿಯರ ಜೊತೆ ಅಲ್ಲಿಗೆ ಊಟಕ್ಕೆ ಹೋಗಿದ್ದಳು. ಬಡಿಸುವ ಬೈರಣ್ಣ ಪಕ್ಕದ ಟೇಬಲ್ಲಿನವನ ಮಟನ್ ಚಾಪ್ಸನ್ನು ಇವಳ ಮುಂದೆ ತಂದಿಟ್ಟ. ಇವಳು ಕೇಳದೆ ತಿಂದಳು. ಆ ಪಕ್ಕದ ಟೇಬಲ್ಲಿನವನೇ ಭೀಮರಾಜ. “ಚಾಪ್ಸ್ ಹೋದ್ರೆ ಹೋಗ್ಲಿ, ಮೂಳೆನಾದ್ರೂ ಕೊಡಿ ಮೇಡಂ” ಅಂದಿದ್ದ. ಅಲ್ಲಿಂದ ಶುರುವಾದದ್ದು ಎರಡು ವರ್ಷದಲ್ಲಿ ರಿಜಿಸ್ಟ್ರಾರ್ ಕಚೇರಿ ಮುಟ್ಟಿತು.

ಅಷ್ಟರಲ್ಲಿ ಜಡಿಗೇನಹಳ್ಳಿಯಲ್ಲಿ ಅವಳ ಅಪ್ಪ ಪಾಪಯ್ಯ ಬೇರೆ ಗಂಡು ಗೊತ್ತು ಮಾಡಿ ಲಗ್ನಪತ್ರಿಕೆ ಅಚ್ಚು ಹಾಕಿಸಿದ್ದರು. ತಾಯಿಯಿಲ್ಲದ ಮಗಳನ್ನು ಅಂಗೈಯಲ್ಲಿಟ್ಟು ಸಾಕಿದವರು, ಊರಿಗೆಲ್ಲ ಹಂಚಿದ ಪತ್ರಿಕೆಯನ್ನು ಮನೆಮನೆಗೂ ಹೋಗಿ ವಾಪಸ್ ಕೇಳಬೇಕಾಯಿತು. “ಆ ಬಾರ್‌ಗೆ ಬೆಂಕಿ ಬೀಳ! ಇನ್ನು ನಿನ್ನ ಮನೆ ಹೊಸ್ತಿಲು ತುಳಿದ್ರೆ ಕೇಳು, ನೀನೂ ನನ್ನ ಹೊಸ್ತಿಲು ತುಳೀಬೇಡ” ಎಂದು ಮನೆದೇವರ ಮೇಲೆ ಆಣೆ ಇಟ್ಟರು. ಮಗಳೂ ಅಪ್ಪನ ಮಗಳೇ. ಹತ್ತು ವರ್ಷ ಇತ್ತಲಿಂದಲೂ ಒಂದು ಫೋನು ಹೋಗಲಿಲ್ಲ.

ಹಾಗೆ ತವರನ್ನು ಬಿಟ್ಟು ಹಿಡಿದುಕೊಂಡ ಗಂಡ ಇವನು. ಇವನೂ ಕೈಕೊಟ್ಟರೆ ತನಗೆ ಹೋಗಲು ಒಂದು ಜಗಲಿಯೂ ಇಲ್ಲ ಎಂಬುದು ಮಮತಳಿಗೆ ಗೊತ್ತಿತ್ತು. ಅನುಮಾನ ಅನ್ನುವುದು ಅವಳಿಗೆ ಹೊತ್ತು ಹೋಗದೆ ಮಾಡುವ ಕೆಲಸವಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಇಬ್ಬರೂ ಬೈಕಿನಲ್ಲಿ ಹೊರಟರು. ತಿಂಗಳ ಎರಡನೇ ಶನಿವಾರ ಅದು. ಮೂರು ವರ್ಷದಿಂದ ಪ್ರತಿ ಎರಡನೇ ಶನಿವಾರ ಭೀಮರಾಜನಿಗೆ ಆಡಿಟ್ ಎಂದು ಕೆಲಸವಿರುತ್ತಿತ್ತು. ಇವತ್ತು ಮಾತ್ರ ಇಲ್ಲವಂತೆ. ಆಡಿಟ್ ಮುಗಿಸಿ ಬರುವಾಗಲೆಲ್ಲ ಅವನು ಬಾಳೆ ಎಲೆಯಲ್ಲಿ ಸುತ್ತಿದ ಕನಕಾಂಬರ ತರುತ್ತಿದ್ದ. ಒಂದು ಮೊಳ ಅಂತ ಹೇಳುತ್ತಿದ್ದ. ಮುಡಿಯಲು ಹೋದರೆ ಮೊಳಕ್ಕಿಂತ ಒಂದು ಗೇಣು ಜಾಸ್ತಿ ಇರುತ್ತಿತ್ತು. ಹೊಸಕೋಟೆ ಬಸ್‌ಸ್ಟ್ಯಾಂಡಿನ ಹೂವಿನವರು ಮೊಣಕೈಯನ್ನು ಮಡಚಿ ಮುದುರಿ ಮುಕ್ಕಾಲು ಮೊಳಕ್ಕೆ ಒಂದು ಮೊಳದ ದುಡ್ಡು ಕೀಳುವ ಕಾಲದಲ್ಲಿ, ಇವನಿಗೆ ಇಷ್ಟು ಕೈ ಬಿಚ್ಚಿ ಅಳೆದು ಕೊಡುವವಳು ಯಾರು? ಇಷ್ಟು ದಿನ ಗಂಡನ ಪ್ರೀತಿ ಅಂದುಕೊಂಡು ಮುಡಿದ ಹೂವು ಅವತ್ತು ಬೈಕಿನ ಹಿಂದೆ ಕೂತ ಮಮತಳ ತಲೆಯಲ್ಲಿ ಬೇರೆಯದೇ ವಾಸನೆ ಹೊಡೆಯತೊಡಗಿತು.

ಬಾರ್ ಒಳಗೆ ಕಾಲಿಡುತ್ತಲೇ ತಲೆ ನೆರೆತ ಬೈರಣ್ಣ ಓಡಿ ಬಂದ. ಹತ್ತು ವರ್ಷದ ಮೇಲೆ ಕಂಡ ಗಿರಾಕಿಯನ್ನು ಬರಮಾಡಿಕೊಳ್ಳುವಂತೇನೂ ಇರಲಿಲ್ಲ. “ಬನ್ನಿ ಸಾರ್, ಮೂರನೇ ಗೂಡು ಖಾಲಿ ಇಟ್ಟಿದೀನಿ” ಅಂದ. ಆಮೇಲೆ ಹಿಂದೆ ನಿಂತ ಮಮತಳನ್ನು ನೋಡಿ, ಬಾಯಿಗೆ ಬಂದದ್ದನ್ನು ನುಂಗಲಾಗದೆ, “ಅವ್ರು ಬರ್ಲಿಲ್ವಾ ಇವತ್ತು?” ಎಂದುಬಿಟ್ಟ.

“ಯಾರು?” ಎಂದಳು ಮಮತ.

ಬೈರಣ್ಣ ಭೀಮರಾಜನ ಮುಖ ನೋಡಿದ. ಭೀಮರಾಜ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ. “ಯಾರೂ ಇಲ್ಲಮ್ಮ, ಇನ್ಯಾರನ್ನೋ ಅಂದ್ಕೊಂಡೆ” ಎಂದು ಬೈರಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದ್ದ ಟೇಬಲ್ಲನ್ನೇ ಮತ್ತೆ ಒರೆಸಿದ.

‘ಅವ್ರು.’ ಈ ಕನ್ನಡದಲ್ಲಿ ಮರ್ಯಾದೆ ಕೊಟ್ಟು ಮಾತಾಡಿದರೆ ಇದೊಂದು ಫಜೀತಿ. ಅವಳು ಅನ್ನಬೇಕು, ಅವನು ಅನ್ನಬೇಕು, ಆಗ ತಿಳಿಯುತ್ತದೆ. ‘ಅವ್ರು’ ಅನ್ನುವ ಮಾತಿಗೆ ಸೀರೆಯೂ ಇಲ್ಲ, ಪಂಚೆಯೂ ಇಲ್ಲ. ಮಮತ ತಾನೇ ಅದಕ್ಕೊಂದು ಸೀರೆ ಉಡಿಸಿದಳು. ಒಳ್ಳೇ ಬೆಲೆಯ ಸೀರೆಯನ್ನೇ ಉಡಿಸಿದಳು.

ಯಾರೂ ಏನೂ ಹೇಳುವ ಮೊದಲೇ ಅಡುಗೆಮನೆಯಿಂದ ಎರಡು ತಟ್ಟೆ ಬಂದವು. ಒಂದರಲ್ಲಿ ಚಾಪ್ಸ್. ಇನ್ನೊಂದರಲ್ಲಿ ಮೆತ್ತಗೆ ಬೆಂದ ಕೈಮಾ ಉಂಡೆ. ಜೊತೆಗೆ ಸ್ಟ್ರಾ ಹಾಕಿದ ಸಿಹಿ ನಿಂಬೆ ಸೋಡಾ.

“ಇದ್ಯಾರು ಹೇಳಿದ್ದು?”

“ಯಾವಾಗ್ಲೂ ಇದೇ ಅಲ್ವಾ...” ಅಂದ ಬೈರಣ್ಣ, ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ಮಮತ ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡಳು. ಖಾರವೇ ಇರಲಿಲ್ಲ. ಖಾರ ತಿನ್ನಲಾರದವಳು, ಮೂಳೆ ಕಡಿಯಲು ನಾಚುವವಳು, ಸ್ಟ್ರಾದಲ್ಲಿ ಸೋಡಾ ಹೀರುವವಳು. ಮೂರನೇ ಗೂಡು, ಪರದೆ, ಎರಡನೇ ಶನಿವಾರ. ಇನ್ನೇನು ಬೇಕು ಸಾಕ್ಷಿ? ಊರಿಗೆಲ್ಲ ಗೊತ್ತು, ಕಟ್ಟಿಕೊಂಡವಳಿಗೊಬ್ಬಳಿಗೆ ಗೊತ್ತಿಲ್ಲ. ಅವಳು ಉಳಿದ ಉಂಡೆಗಳ ತಟ್ಟೆಯನ್ನು ಗಂಡನ ಕಡೆಗೆ ತಳ್ಳಿದಳು.

ಭೀಮರಾಜ ಫೋನ್ ಮಾಡಿಬರುತ್ತೇನೆಂದು ಹೊರಗೆ ಹೋದ. ಬಂದ. ಎರಡು ತುತ್ತು ತಿಂದು ಮತ್ತೆ ಹೋದ. ಮೂರನೇ ಸಲ ಏಳುವಾಗ ಮಮತ ಫೋನಿನ ಮೇಲೆ ಕೈಯಿಟ್ಟಳು. ಸ್ಕ್ರೀನಿನ ಮೇಲೆ ಅವನು ಆಗಲೇ ಒತ್ತಿದ್ದ ಹೆಸರು ಹೊಳೆಯುತ್ತಿತ್ತು. ‘ಹೂವು’. ಆ ಹೂವಿನ ಫೋನ್ ಸ್ವಿಚ್ ಆಫ್ ಆಗಿದೆ ಎಂದು ಒಳಗಿನಿಂದ ಒಬ್ಬಳು ಹೇಳುತ್ತಿದ್ದಳು.

ಗಂಡನನ್ನು ‘ರೀ’ ಬಿಟ್ಟು ಬೇರೆ ರೀತಿ ಕರೆದವಳಲ್ಲ ಅವಳು. ಇವತ್ತು ಆ ಬಹುವಚನ ಅವಳಿಗೇ ಗೊತ್ತಿಲ್ಲದೆ ಜಾರಿಹೋಯಿತು.

“ಯಾರೋ ಅವಳು?”

“ಮಮತ, ಮೆತ್ತಗೆ ಮಾತಾಡು...”

“ಇಲ್ಲೇ ಸಿಕ್ಕಿದೆ ನನಗೆ, ಇಲ್ಲಿಗೇ ಕರ್ಕೊಂಡ್ ಬರ್ತೀಯಲ್ಲೋ ಅವಳ್ನ! ಬೇರೆ ಜಾಗ ಇರ್ಲಿಲ್ವಾ ನಿಂಗೆ? ಅಪ್ಪನ್ನ ಬಿಟ್ಟು ಬಂದೆ ಕಣೋ ನಿನ್ನ ನಂಬ್ಕೊಂಡು. ಆ ಹೆಂಗಸು ಯಾರು ಅಂತ ಹೇಳು, ಇಲ್ಲಾಂದ್ರೆ ಮಗೂನ ಕರ್ಕೊಂಡು ಇವತ್ತೇ ಹೋಗ್ತೀನಿ.”

“ಎಲ್ಲಿಗೆ ಹೋಗ್ತೀಯ?” ಎಂದ ಭೀಮರಾಜ. ಕುಹಕವೇನೂ ಇರಲಿಲ್ಲ ಅದರಲ್ಲಿ, ಆದರೂ ಆ ಮಾತು ಮಮತಳನ್ನು ಅಲ್ಲೇ ಕೂರಿಸಿಬಿಟ್ಟಿತು. ಎಲ್ಲಿಗೆ?

“ಹೆಂಗಸಲ್ಲ ಕಣೇ,” ಎಂದ ಅವನು ದನಿ ಇಳಿಸಿ. “ಹೇಳಿದ್ರೆ ಇನ್ನು ಬರಲ್ಲ ಅಂತ ನನ್ನ ಹತ್ರ ಭಾಷೆ ತಗೊಂಡಿದ್ದಾರೆ. ಇವತ್ತು ಬರ್ಬೇಡಿ ಅನ್ನೋಣ ಅಂದ್ರೆ ಫೋನ್ ಚಾರ್ಜಿಗೇ ಹಾಕಿಲ್ಲ...”

ಮಾತು ಮುಗಿಯುವ ಮೊದಲೇ ಪರದೆ ಸರಿಯಿತು. ಬೈರಣ್ಣನ ಕೈಯಲ್ಲಿ ಆಗುವುದಾಗಿದ್ದರೆ ಬಂದವರನ್ನು ತಡೆಯುತ್ತಿದ್ದ. ಅವನು ಹಿಂದೆ ನಿಂತು ಕೈ ಹಿಸುಕಿಕೊಳ್ಳುತ್ತಿದ್ದ. ಬಾಗಿಲಲ್ಲಿ ಬಿಳಿ ಪಂಚೆ, ಹಲ್ಲಿಲ್ಲದ ಬಾಯಿ, ಮೊಣಕಾಲಿಗೆ ಮುಟ್ಟುವಂಥ ಉದ್ದನೆಯ ಕೈಗಳು. ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ.

ಪಾಪಯ್ಯ ಮಗಳನ್ನು ನೋಡಿದರು. ತಕ್ಷಣ, ಕದ್ದು ಸಿಕ್ಕಿಬಿದ್ದವರ ಹಾಗೆ, ಗೋಡೆಗೆ ಮುಖ ತಿರುಗಿಸಿ ನಿಂತರು.

ಭೀಮರಾಜನೇ ಹೇಳಿದ. ಮೂರು ವರ್ಷದ ಹಿಂದೆ ಸಂತೆಯಲ್ಲಿ ಸಿಕ್ಕಿದ್ದರಂತೆ. ಮನೆಗೆ ಬನ್ನಿ ಅಂದರೆ ಹೊಸ್ತಿಲ ಆಣೆ ಇದೆ ಅಂದರಂತೆ. ಹಾಗಾದರೆ ಹೋಟೆಲಿಗೆ ಬನ್ನಿ ಅಂದರೆ, ಮಗಳು ಗಂಡನನ್ನು ಕಂಡ ಜಾಗ ಯಾವುದು, ಅದನ್ನೇ ತೋರಿಸು ಅಂದರಂತೆ. ಬಂದು, ಬಾಗಿಲಲ್ಲಿ ನಿಂತು, ಕೆಳಗೆ ಬಗ್ಗಿ ನೋಡಿ, “ಶಟರ್ ಬಾಗಿಲು. ಇದಕ್ಕೆ ಹೊಸ್ತಿಲೇ ಇಲ್ವಲ್ಲ” ಎಂದು ಒಳಗೆ ಕಾಲಿಟ್ಟರಂತೆ. ಅಂದಿನಿಂದ ತಿಂಗಳಿಗೊಮ್ಮೆ ಬಂದು, ಕೈಮಾ ಉಂಡೆ ತಿಂದು, ಮಗಳು ಏನು ತಿಂದಳು, ಮೊಮ್ಮಗಳು ಏನು ಓದಿದಳು ಎಂದು ಎರಡು ಗಂಟೆ ಕೇಳಿ ಹೋಗುತ್ತಿದ್ದರು.

ಮಮತ ಏನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಆ ಕೈಗಳನ್ನೇ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಜಡೆ ಹೆಣೆದು ಹೂ ಮುಡಿಸಿದ ಕೈ. ಜಡಿಗೇನಹಳ್ಳಿಯ ರಸ್ತೆ ಬದಿಯಲ್ಲಿ ಅಪ್ಪ ಕನಕಾಂಬರ ಮಾರಲು ಕೂತರೆ ಬೇರೆಯವರ ಬುಟ್ಟಿ ಬಿಟ್ಟು ಹೆಂಗಸರೆಲ್ಲ ಇಲ್ಲಿಗೇ ಬರುತ್ತಿದ್ದರು. ‘ಪಾಪಣ್ಣನ ಮೊಳ ತಗೊಂಡ್ರೆ ಇಬ್ಬರಿಗಾಗುತ್ತೆ’ ಅನ್ನುತ್ತಿದ್ದರು. ಮೂರು ವರ್ಷ ಆ ಮೊಳವನ್ನು ತಲೆಯಲ್ಲಿ ಮುಡಿದುಕೊಂಡು ಓಡಾಡಿದವಳಿಗೆ, ಅದು ಯಾರ ಕೈಯಳತೆ ಎಂದು ತಿಳಿಯಲಿಲ್ಲ. ಹೂವಿನವಳನ್ನು ಅನುಮಾನಿಸಲು ಬುದ್ಧಿ ಓಡಿತು, ಅಪ್ಪನನ್ನು ನೆನೆಯಲು ಓಡಲಿಲ್ಲ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಪಾಪಯ್ಯ ಗೋಡೆಗೆ ಮುಖ ಮಾಡಿಯೇ ಪೊಟ್ಟಣವನ್ನು ಹಿಂದಕ್ಕೆ ಚಾಚಿದರು. ಅಳಿಯನಿಗೋ ಮಗಳಿಗೋ ಎಂದು ಹೇಳುವುದು ಕಷ್ಟವಾಗಿತ್ತು. “ಭೀಮಣ್ಣ, ನಾನು ಹೊರಡ್ತೀನಪ್ಪ” ಎಂದರು.

ಮಮತ ಎದ್ದು ಪೊಟ್ಟಣ ಈಸಿಕೊಂಡಳು. ಎಲೆ ಬಿಚ್ಚಿ, ಹೂವಿನ ಒಂದು ತುದಿಯನ್ನು ತನ್ನ ಮೊಣಕೈಗೆ ಒತ್ತಿ ಹಿಡಿದು, ಬೆರಳ ತುದಿಯವರೆಗೂ ಎಳೆದು ಅಳೆದಳು. ಬೆರಳಿನಾಚೆ ಒಂದು ಗೇಣು ಹೂವು ಜೋತುಬಿತ್ತು. ಅವಳಿಗೆ ಕಣ್ಣು ಕಾಣಿಸದಂತಾಗಿತ್ತು.

“ನಿಮ್ಮ ಹೂವಿನವಳಿಗೆ ಮೊಳ ಹಾಕೋಕೆ ಬರಲ್ಲ ಕಣ್ರೀ,” ಎಂದಳು ಗಂಡನಿಗೆ, ಅಪ್ಪನ ಬೆನ್ನು ನೋಡುತ್ತ.

ಗೋಡೆಯ ಕಡೆಗೇ ಮುಖವಿಟ್ಟು, ಹತ್ತು ವರ್ಷದಲ್ಲಿ ಮೊದಲ ಸಲ, ಅಪ್ಪ ಮಗಳೊಡನೆ ಮಾತಾಡಿದರು.

“ಏನ್ಮಾಡ್ಲಿ ಮಗ. ಕೈ ಉದ್ದ.”