ಬಾವಿಯೊಳಗಿನ ಕೊಂಬು

ಟಪ್.

ಸೌಜನ್ಯಾ ಹಾಸಿಗೆಯಲ್ಲೇ ತಲೆ ಎತ್ತಿ ಕೇಳಿದಳು. ಶುಕ್ರವಾರ ರಾತ್ರಿ ಹನ್ನೊಂದೂವರೆಯಾಗಿತ್ತು. ಈ ಮನೆಯ ಸದ್ದುಗಳೆಲ್ಲ ಅವಳಿಗೆ ಗೊತ್ತಿದ್ದವು: ಫ್ರಿಜ್ಜು ನಡುಗಿ ಸುಮ್ಮನಾಗುವುದು, ಚಳಿಗೆ ಹಳೆಯ ತೊಲೆಗಳು ಲಟಕ್ಕೆನ್ನುವುದು, ಹೊಲದಾಚೆಯ ಪಂಪ್ ಸ್ಟೇಷನ್ನಿನ ಸಣ್ಣ ಮೊರೆತ. ಇದು ಅವುಗಳಲ್ಲಿ ಯಾವುದೂ ಅಲ್ಲ. ಹತ್ತು ಎಣಿಸುವಷ್ಟರಲ್ಲಿ ಮತ್ತೆ ಟಪ್. ಪಕ್ಕದಲ್ಲಿ ಗಂಡ ಶರಣ್ ಗಾಢ ನಿದ್ದೆಯಲ್ಲಿದ್ದ. ಶನಿವಾರ, ಭಾನುವಾರ ಎರಡೂ ದಿನ ಅವನಿಗೆ ಪಂಪ್ ಸ್ಟೇಷನ್ನಿನಲ್ಲಿ ಡ್ಯೂಟಿಯಿತ್ತು. ಎಬ್ಬಿಸುವುದು ಬೇಡವೆಂದು ಅವಳೇ ಎದ್ದಳು.

ಸದ್ದು ಹಿಂದಿನ ಕೋಣೆಯಿಂದ ಬರುತ್ತಿತ್ತು. ವಾಷಿಂಗ್ ಮಷೀನ್, ಬೂಟುಗಳು, ಸೈಕಲ್ ಪಂಪು ಇಡುವ ಕೋಣೆ. ದೀಪ ಹಾಕಿದರೆ ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟು ಅವುಗಳ ಮೇಲೆ ಏನನ್ನೋ ಮಲಗಿಸಲಾಗಿತ್ತು. ಎರೆದ ಕೂಸಿಗೆ ಸುತ್ತುವ ಹಾಗೆ ಟವೆಲ್ ಸುತ್ತಿತ್ತು. ನಾಲ್ಕಡಿ ಉದ್ದದ, ತುಸು ಬಾಗಿದ ಮರದ ಕೊಳವೆ. ಒಂದು ತುದಿ ಹೆಬ್ಬೆರಳಿನಷ್ಟು ಸಣ್ಣದು, ಇನ್ನೊಂದು ತುದಿಯ ಬಾಯಿ ಅಗಲ. ಆ ಅಗಲ ಬಾಯಿಂದ ನೀರು ಶರಣನ ಬೂಟಿನೊಳಕ್ಕೆ ತೊಟ್ಟಿಕ್ಕುತ್ತಿತ್ತು.

"ಎಚ್ಚರಾತೇನು?"

ಬಾಗಿಲಲ್ಲಿ ಅತ್ತೆ ಗಿರಿಜಾದೇವಿ ನಿಂತಿದ್ದರು. ಸೀರೆಯ ಮೇಲೆ ಶರಣನ ಸ್ವೆಟರು, ಕಾಲಿಗೆ ಎರಡು ಜೊತೆ ಕಾಲುಚೀಲ.

"ಅತ್ತೀ, ಏನಿದು?"

"ನಿಮ್ಮ ಬಾವ್ಯಾಗ ಇತ್ತು. ಹಗ್ಗ ಕಟ್ಟಿ ಇಳಿಬಿಟ್ಟಿದ್ರು. ಯಾರೋ ಎಮ್ಮಿ ಕಟ್ಟಿ ಮರತು ಹೋಗ್ಯಾರೇನೋ ಅಂತ ಎಳದು ನೋಡಿದೆ."

ಗಿರಿಜಾದೇವಿ ಕಲಬುರ್ಗಿ ಕಡೆಯ ಹಳ್ಳಿಯಿಂದ ಮೂರು ತಿಂಗಳಿಗೆಂದು ಬಂದು ಹದಿನೈದು ದಿನವಾಗಿತ್ತು. ನಲ್ಲಿಯ ನೀರು ಲಿಂಗಪೂಜೆಗೆ ಅವರ ಮನಸ್ಸಿಗೆ ಬಂದಿರಲಿಲ್ಲ. ಅಂಗಳದ ಬಾವಿಯ ಮೇಲೆ ಮುಚ್ಚಳ, ಮುಚ್ಚಳಕ್ಕೆ ತಂತಿ. ಬಾವಿಯ ನೀರು ಬಳಸಬೇಡಿ ಎಂದು ಶರಣನ ಎಣ್ಣೆ ಕಂಪನಿಯವರು ಕಳಿಸಿದ ಪತ್ರ ಸೌಜನ್ಯಾಳ ನೀಲಿ ಫೈಲಿನಲ್ಲಿ ಭದ್ರವಾಗಿತ್ತು. ಅದನ್ನು ಅವಳು ಅತ್ತೆಗೆ ಎರಡು ಸಲ ಓದಿ ಹೇಳಿದ್ದಳು. ಸಂಜೆ ಸೊಸೆ ಅಂಗಡಿಗೆ ಹೋದಾಗ ಅತ್ತೆ ಅಡುಗೆಮನೆಯ ಇಕ್ಕಳದಿಂದ ತಂತಿ ಬಿಚ್ಚಿದ್ದರು.

ಅದು ಏನೆಂದು ಸೌಜನ್ಯಾಳಿಗೆ ಅಷ್ಟರಲ್ಲಿ ತಿಳಿದಿತ್ತು. ತಿಳಿದದ್ದೇ ಹೋಗಿ ಕಿಟಕಿಯ ಪರದೆ ಎಳೆದಳು.

ಡಚ್ಚರ ನಾಡಿನ ಎನ್ಸ್‌ಕೆಡೆ ಪಟ್ಟಣದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಈ ಕೇರಿಯಲ್ಲಿ ದೊಡ್ಡ ಹೊಲವೊಂದರ ಸುತ್ತ ಏಳು ರೈತರ ಮನೆಗಳಿದ್ದವು. ಮನೆಗೊಂದು ಬಾವಿ. ಕ್ರಿಸ್‌ಮಸ್ಸಿಗೆ ನಾಲ್ಕು ಭಾನುವಾರ ಮೊದಲು ಶುರುವಾಗಿ ಜನವರಿ ಆರರವರೆಗೆ, ದಿನಾ ಸಂಜೆ, ಒಂದು ಮನೆಯವರು ಬಾವಿಯ ಬಾಯಿಗೆ ಹಿಡಿದು ಮರದ ಕೊಂಬು ಊದುವರು. ಬಾವಿ ಅದರ ದನಿಯನ್ನು ದೊಡ್ಡದು ಮಾಡುತ್ತದೆ. ಮುಂದಿನ ಮನೆಯವರು ಕೇಳಿ ಉತ್ತರ ಕೊಡುವರು, ಅವರಿಗೆ ಅದರ ಮುಂದಿನವರು. ಕೊಂಬಿನ ಮರ ಒಣಗಿ ಸೀಳದಿರಲೆಂದು ಉಳಿದ ಹೊತ್ತು ಅದನ್ನು ನೀರಿನಲ್ಲೇ ಇಳಿಬಿಡುವರು.

ಆಮೇಲೆ ಉತ್ತರದ ಜಿಲ್ಲೆಯಲ್ಲಿ ಎಣ್ಣೆಬಾವಿಗಳು ಹೆಚ್ಚಿದವು. ಎಣ್ಣೆಯ ಜೊತೆ ಅದರ ಹಲವು ಪಟ್ಟು ಉಪ್ಪುನೀರು ಮೇಲೆ ಬರುತ್ತದೆ. ಆ ನೀರನ್ನು ಪೈಪಿನಲ್ಲಿ ಇಲ್ಲಿಯವರೆಗೆ ತಂದು ಮತ್ತೆ ಭೂಮಿಗಿಳಿಸಬೇಕು. ಪೈಪು ಹೋಗುವ ದಾರಿಗೆಂದು ಕಂಪನಿ ಒಂದೊಂದೇ ಮನೆ ಕೊಂಡಿತು. ಐದು ಮನೆಗಳಿಗೆ ಈಗ ಬೀಗ. ಆರನೆಯದರಲ್ಲಿ ಕಂಪನಿಯ ಎಂಜಿನಿಯರ್ ಶರಣ್ ಕಡಿಮೆ ಬಾಡಿಗೆಗೆ ಸಂಸಾರ ಹೂಡಿದ್ದ. ಏಳನೆಯದು ವಯಸ್ಸಾದ ಗಂಡಹೆಂಡತಿ ಬೆರ್ನಾರ್ಡ್ ಮತ್ತು ಡೀನಿಯದು. ಎರಡು ಚಳಿಗಾಲದಿಂದ ಬೆರ್ನಾರ್ಡ್ ಒಬ್ಬನೇ ಊದುತ್ತಿದ್ದ. ಊದಿ, ಟೋಪಿ ತೆಗೆದು ಕಿವಿಗೊಟ್ಟು ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗುತ್ತಿದ್ದ. ಸೌಜನ್ಯಾ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು.

ಗುರುವಾರ ಕಾಫಿಗೆ ಕರೆದ ಡೀನಿ ಒಂದು ವಿಷಯ ಹೇಳಿದ್ದಳು. ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ, ಸೇಬಿನ ಕೇಕು ಕತ್ತರಿಸುತ್ತಾ. ಈ ಭಾನುವಾರ ಸಂಜೆ ಐದಕ್ಕೆ ಬೆರ್ನಾರ್ಡ್ ಈ ಚಳಿಗಾಲದಲ್ಲಿ ಮೊದಲ ಸಲ ಊದುತ್ತಾನೆ. ಯಾರಿಂದಲೂ ಉತ್ತರ ಬಾರದಿದ್ದರೆ ಮಂಗಳವಾರ ಆಸ್ತಿಪತ್ರ ಮಾಡುವ ನೋಟಾರಿಸ್ ಆಫೀಸಿಗೆ ಹೋಗಿ ಮನೆ, ಹೊಲ ಎರಡನ್ನೂ ಕಂಪನಿಗೆ ಬರೆದುಕೊಡುತ್ತಾನೆ. ಅಷ್ಟು ಹೇಳಿ ಡೀನಿ ಚಮಚಗಳನ್ನು ಮತ್ತೊಮ್ಮೆ ಸಾಲಾಗಿ ಜೋಡಿಸಿದಳು.

ಸೌಜನ್ಯಾ ಇದನ್ನು ಶರಣನಿಗೆ ಹೇಳಿದಳು. ಬೆರ್ನಾರ್ಡ್ ಸಹಿ ಮಾಡಿದರೆ ಪೈಪು ನೇರ ಹೋಗುತ್ತದೆ, ಇಲ್ಲದಿದ್ದರೆ ಸುತ್ತು ಹಾಕಬೇಕು ಎಂದ ಅವನು. ತನ್ನ ಕೆಲಸ ಕಾಯಂ ಆಗುವ ಮಾತು ಇದೇ ಡಿಸೆಂಬರಿನಲ್ಲಿದೆ ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಅದು ಅವಳಿಗೆ ದಿನಾ ನೆನಪಿರುತ್ತಿತ್ತು.

ಶನಿವಾರ ಬೆಳಿಗ್ಗೆ ಶರಣ್ ಒದ್ದೆ ಬೂಟನ್ನು ಬೈಯುತ್ತಾ, ವಾಷಿಂಗ್ ಮಷೀನಿನ ಹಿಂದೆ ಅಡಗಿಸಿದ್ದ ಕೊಂಬನ್ನು ಕಾಣದೆ ಡ್ಯೂಟಿಗೆ ಹೋದ ಮೇಲೆ ಅವಳು ಅತ್ತೆಗೆ ಎಲ್ಲ ಹೇಳಿದಳು. ಕೊಂಬನ್ನು ಇದ್ದಲ್ಲೇ ಇಳಿಬಿಟ್ಟು ತಂತಿ ಬಿಗಿಯಬೇಕು, ಅದಕ್ಕಾಗಿಯೇ ಹೇಳಿದ್ದು. ಗಿರಿಜಾದೇವಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು.

"ಎರಡ ವರ್ಷದಿಂದ ಕರೀಲಿಕತ್ತಾನ, ಒಬ್ಬರೂ ಓ ಅಂದಿಲ್ಲಾ?"

"ಅನ್ನಲಿಕ್ಕೆ ಯಾರದಾರ ಅತ್ತೀ? ಮನಿಗೆಲ್ಲಾ ಬೀಗ."

"ನಾವಿಲ್ಲೇನು?"

ಸೌಜನ್ಯಾ ನೂರು ಕಾರಣ ಕೊಟ್ಟಳು. ತಾವು ಕಂಪನಿಯ ಮನೆಯಲ್ಲಿರುವವರು. ಉತ್ತರ ಎಲ್ಲಿಂದ ಬಂತೆಂದು ಗೊತ್ತಾದರೆ ಶರಣನ ಗತಿ? ಅದೂ ಅಲ್ಲದೆ ಕೊಂಬು ಊದುವುದನ್ನು ಕಲಿಯಲು ಇಲ್ಲಿಯವರಿಗೇ ವರ್ಷಗಳು ಬೇಕು. ಕೊನೆಯ ಕಾರಣವನ್ನು ಅವಳು ಕೊಡಬಾರದಿತ್ತು. ಗಿರಿಜಾದೇವಿ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಕೋಣೆಗೆ ನಡೆದರು.

"ಗ್ಯಾಸ್ ಬರೂತನಕ ಇಪ್ಪತ್ತೆಂಟ ವರ್ಷ ಹಸೀ ತೊಗರಿಕಟ್ಟಿಗಿ ಊದೀನಿ. ಊದಗೊಳವಿ ಹಿಡದ ಬಾಯಿ ಇದು. ನನಗ ಕಲಸ್ತಾರಂತ."

ಹೊರಗೆ ಕೇಳಿಸಬಾರದೆಂದು ಕೊಂಬನ್ನು ಸ್ನಾನದ ಮನೆಗೆ ಸಾಗಿಸಿದರು. ಅಗಲ ಬಾಯಿಗೆ ಟವೆಲ್ ತುರುಕಿದರು. ಮೊದಲ ಊದಿಗೆ ಬರೀ ಗಾಳಿ ಬಂತು, ಎರಡನೆಯದಕ್ಕೆ ಬಾವಿಯ ನೀರು ಬಂತು. ಮೂರನೆಯದಕ್ಕೆ ಬಂದ ಸದ್ದು ನೆಗಡಿಯಾದ ಎಮ್ಮೆಕರುವಿನದು. ಗಿರಿಜಾದೇವಿ ಕೊಂಬನ್ನು ಕೆಳಗಿಳಿಸಿ, ಕಮೋಡಿನ ಮುಚ್ಚಳದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕಿಟಕಿಯ ಸಂದಿನಿಂದ ರಸ್ತೆ ಕಾಯುತ್ತಿದ್ದ ಸೌಜನ್ಯಾಳಿಗೂ ನಗೆ ತಡೆಯಲಾಗಲಿಲ್ಲ. ಮದುವೆಯಾಗಿ ಆರು ವರ್ಷದಲ್ಲಿ ಅತ್ತೆ ಹೀಗೆ ಬಾಯಿ ತೆರೆದು ನಕ್ಕದ್ದನ್ನು ಅವಳು ನೋಡಿರಲಿಲ್ಲ. ನಿನ್ನದೊಂದು ಕೈ ನೋಡು ಎಂದು ಅವರು ಕೊಂಬು ಚಾಚಿದರು. ಸೌಜನ್ಯಾ ಊದಿದಳು. ಉಗುಳು ಬಿಟ್ಟು ಏನೂ ಬರಲಿಲ್ಲ.

"ನೀ ಓದಿದಾಕಿ. ನಿನ್ನ ಕೈಲೆ ಆಗೂದಲ್ಲ, ಬಿಡು."

ಮಧ್ಯಾಹ್ನದ ಹೊತ್ತಿಗೆ ಒಂದು ದನಿ ಬಂತು. ತುಟಿಯನ್ನು ಒಂದು ಬದಿಗೆ ಒತ್ತಿ, ಉಸಿರನ್ನು ಹೊಟ್ಟೆಯಿಂದ ತಂದು, ಬೂದಿಯೊಳಗಿನ ಕೆಂಡವನ್ನು ಮೆಲ್ಲಗೆ ಎಬ್ಬಿಸುವ ಹಾಗೆ ಊದಿದಾಗ ಬಂದದ್ದು. ಟವೆಲ್ ತುರುಕಿದ್ದರೂ ಸ್ನಾನದ ಮನೆಯ ಕನ್ನಡಿ ಗಡಗಡಿಸಿತು. ಇಬ್ಬರೂ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು.

ಭಾನುವಾರ ಮೂರು ಗಂಟೆಯಿಂದಲೇ ಮಂಜು ಇಳಿಯಿತು. ನಾಲ್ಕೂವರೆಗೆ ಪಂಪ್ ಸ್ಟೇಷನ್ನಿನ ದೀಪಗಳೂ ಮುಳುಗಿದವು. ಬೆರ್ನಾರ್ಡನ ಅಂಗಳದ ದೀಪವೊಂದೇ ಹೊಲದಾಚೆ ಮಸುಕಾಗಿ ಹಳದಿಗಟ್ಟಿತ್ತು. ಶರಣ್ ಬರುವುದು ಆರಕ್ಕೆ. ಇಬ್ಬರು ಹೆಂಗಸರು ಬಾವಿಯ ಬಳಿ ಕತ್ತಲಲ್ಲಿ ನಿಂತರು. ಒಳಗೆ ಹೋಗೋಣ ಎನ್ನಲು ಸೌಜನ್ಯಾ ಮಾತು ಹೊಂದಿಸಿಕೊಳ್ಳುತ್ತಿದ್ದಾಗ ಹೊಲದಾಚೆಯಿಂದ ಅದು ಬಂತು.

ಉದ್ದನೆಯ, ತಗ್ಗಿನ ದನಿ. ಏರಿ, ಸ್ವಲ್ಪ ಬಳುಕಿ, ಇಳಿಯಿತು. ಮತ್ತೊಮ್ಮೆ. ಮೂರನೆಯ ಸಲ ಊದಿ ಬೆರ್ನಾರ್ಡ್ ನಿಲ್ಲಿಸಿದ. ಮಂಜಿನೊಳಗೆ ಅವನು ಕಾಣುತ್ತಿರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದಿರುತ್ತಾನೆ ಎಂದು ಮಾತ್ರ ಅವಳಿಗೆ ಗೊತ್ತಿತ್ತು.

ಗಿರಿಜಾದೇವಿ ಕೊಂಬೆತ್ತಿದರು. ಒದ್ದೆ ಮರ ಭಾರವಾಗಿತ್ತು. ಅಗಲ ತುದಿ ಜಾರಿ ಬಾವಿಯ ಕಟ್ಟೆಗೆ ಬಡಿಯಿತು. ಅವರು ಮತ್ತೆ ಎತ್ತಿದರು, ಮತ್ತೆ ಜಾರಿತು. ಅವರು ಸೊಸೆಯನ್ನು ಹಿಡಿ ಎನ್ನಲಿಲ್ಲ. ಕತ್ತಲಲ್ಲಿ ಅವಳ ಕಡೆ ನೋಡಿದರು, ಅಷ್ಟೆ.

ಸೌಜನ್ಯಾ ಶರಣನನ್ನು ನೆನೆದಳು, ಡಿಸೆಂಬರನ್ನು ನೆನೆದಳು. ಸಾಲಾಗಿ ಜೋಡಿಸಿದ ಚಮಚಗಳು ನೆನಪಿಗೆ ಬಂದವು. ಬಗ್ಗಿ ಕೊಂಬಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾವಿಯ ಬಾಯಿಗೆ ತಂದು ನಿಲ್ಲಿಸಿದಳು.

ಮೊದಲು ಎಮ್ಮೆಕರು ಬಂತು. ಆಮೇಲೆ ದನಿ ದಾರಿ ಹಿಡಿಯಿತು. ಬಾವಿ ಅದನ್ನು ನುಂಗಿ ದೊಡ್ಡದು ಮಾಡಿ ಹೊರಗೆ ಬಿಟ್ಟಿತು. ಸೌಜನ್ಯಾಳ ಅಂಗೈಯಿಂದ ಮೊಣಕೈವರೆಗೆ ಮರ ನಡುಗಿತು. ಅತ್ತೆಯ ಉಸಿರು ತನ್ನ ಕೈಯೊಳಗಿಂದಲೇ ಹರಿದು ಹೋಗುತ್ತಿದೆ ಎನ್ನಿಸಿತು. ದನಿ ನಡುವೆ ಒಡೆಯಿತು, ಮತ್ತೆ ಕೂಡಿತು, ಮಂಜಿನೊಳಕ್ಕೆ ಹೋಯಿತು.

ಆಚೆ ಏನೂ ಕೇಳಿಸಲಿಲ್ಲ. ಅವಳು ಇಪ್ಪತ್ತರವರೆಗೆ ಎಣಿಸಿದಳು. ಆಮೇಲೆ ಬೆರ್ನಾರ್ಡನ ಕೊಂಬು ಶುರುವಾಯಿತು. ಈ ಸಲ ಅವನು ತಡೆಯಿಲ್ಲದೆ ಊದಿದ. ಒಂದು ಮುಗಿಯುವ ಮೊದಲೇ ಇನ್ನೊಂದು, ಏರಿಸಿ, ಇಳಿಸಿ, ಹುಡುಗರ ಹಾಗೆ. ನಡುವೆ ಒಮ್ಮೆ ಡೀನಿಯ ನಗು ಕೇಳಿಸಿತು. ಗಿರಿಜಾದೇವಿ ದಮ್ಮು ಹತ್ತಿ ಬಾವಿಕಟ್ಟೆಯ ಮೇಲೆ ಕೂತು, "ಮುದುಕಗ ಹುಚ್ಚ ಹಿಡೀತು ನೋಡವಾ," ಎಂದರು. ದನಿಯಲ್ಲಿ ಹೆಮ್ಮೆ ತುಂಬಿತ್ತು.

ಸೋಮವಾರ ಬೆಳಿಗ್ಗೆ ಬೆರ್ನಾರ್ಡ್ ಸೈಕಲ್ ಹತ್ತಿ ಬಂದು ಬಾಗಿಲಲ್ಲೇ ಸುದ್ದಿ ಹೇಳಿದ. ನಿನ್ನೆ ಉತ್ತರ ಬಂತು, ಮಂಜಿನಲ್ಲಿ ದಿಕ್ಕು ತಿಳಿಯಲಿಲ್ಲ, ಯಾರಿರಬಹುದೋ ಏನೋ. ಕೇರಿಯ ಹಳಬರಂತೂ ಅಲ್ಲವೇ ಅಲ್ಲ.

"ಅದು ಹೇಗೆ ಹೇಳ್ತೀರಿ?" ಸೌಜನ್ಯಾ ತನ್ನ ನಿಧಾನದ ಡಚ್ಚಿನಲ್ಲಿ ಕೇಳಿದಳು.

"ಅಷ್ಟು ಕೆಟ್ಟದಾಗಿ ಊದುವವರು ನಮ್ಮಲ್ಲಿ ಯಾರೂ ಇರಲಿಲ್ಲ," ಎಂದ ಬೆರ್ನಾರ್ಡ್. ಮುಖ ಅರಳಿತ್ತು. "ಯಾರೋ ಹೊಸದಾಗಿ ಕಲಿಯುತ್ತಿದ್ದಾರೆ. ತಿಳಿಯಿತಾ ನಿನಗೆ? ಕಲಿಯುತ್ತಿದ್ದಾರೆ."

ಅವನು ಏನೆಂದನೆಂದು ಗಿರಿಜಾದೇವಿ ಆಮೇಲೆ ಕೇಳಿದರು. ಭಾಳ ಛಲೋ ಊದಿದರು ಅಂದ, ಎಂದು ಸೌಜನ್ಯಾ ಹೇಳಿದಳು.

ಮಂಗಳವಾರ ಬೆರ್ನಾರ್ಡ್ ನೋಟಾರಿಸ್ ಆಫೀಸಿಗೆ ಹೋಗಲಿಲ್ಲ. ಸಂಜೆ ಶರಣ್ ಬಂದು ಅದನ್ನು ತಿಳಿಸಿದಾಗ ಸೌಜನ್ಯಾ ಸಾರಿನ ಪಾತ್ರೆಯಿಂದ ಕಣ್ಣೆತ್ತಲಿಲ್ಲ. ಮೇಲಿನವರು ಸಿಟ್ಟಾಗಿದ್ದಾರಂತೆ. ಕಾಯಂ ಮಾಡುವ ಮಾತು ಜನವರಿಗೆ ಹೋಯಿತಂತೆ. ಆದರೆ ಸುತ್ತು ಹಾಕಿ ಹೋಗುವ ಪೈಪಿನ ನಕ್ಷೆಯನ್ನು ಅವನೇ ಹೋದ ವರ್ಷ ಬರೆದಿಟ್ಟಿದ್ದ. ಆಗ ಯಾರೂ ತೆರೆದು ನೋಡಿರಲಿಲ್ಲ. ಈ ದಿನ ಮಧ್ಯಾಹ್ನ ಅದನ್ನು ಮೇಜಿನ ಮೇಲೆ ಹಾಸಿ ಎಂಟು ಜನ ಸುತ್ತ ನಿಂತಿದ್ದರು. ಅದನ್ನು ಹೇಳುವಾಗ ಅವನು ಕೇಳದೆಯೇ ಮೂರನೆಯ ರೊಟ್ಟಿ ಹಾಕಿಕೊಂಡ.

"ಯಾರೋ ಕೊಂಬು ಊದಿದ್ರಂತ. ಆಫೀಸಿನ್ಯಾಗ ಎಲ್ಲಾರಿಗೂ ಅದಽ ಸುದ್ದಿ. ಪಂಪಿನ ಗದ್ದಲದಾಗ ನನಗ ಕೇಳಿಸಲಿಲ್ಲ, ನಿಮಗೇನರೆ ಕೇಳಿಸ್ತೇನು?"

"ಭಾನುವಾರ ಮಂಜು ಭಾಳಿತ್ತು," ಎಂದಳು ಸೌಜನ್ಯಾ. ಅದು ಸುಳ್ಳಲ್ಲವೆಂದು ಮನಸ್ಸಿನಲ್ಲೇ ಮತ್ತೊಮ್ಮೆ ಪರೀಕ್ಷಿಸಿಕೊಂಡಳು. ಗಿರಿಜಾದೇವಿ ಮಗನ ತಟ್ಟೆಗೆ ಶೇಂಗಾ ಹಿಂಡಿ ಹಾಕಿ ಅದರ ಮೇಲೆ ಮೊಸರು ಸುರಿದರು.

ಬುಧವಾರ ಮಧ್ಯಾಹ್ನ ಡೀನಿ ಬಂದಳು. ಒಣದ್ರಾಕ್ಷಿ ಹಾಕಿದ ಬ್ರೆಡ್ಡು ತಂದಿದ್ದಳು, ಇನ್ನೂ ಬೆಚ್ಚಗಿತ್ತು. ಅವಳು ಕೂತು, ಕಾಫಿ ಕುಡಿದು, ಹವೆಯ ಮಾತಾಡಿದಳು. ಕೊಂಬಿನ ವಿಷಯ ಎತ್ತಲೇ ಇಲ್ಲ. ಗಿರಿಜಾದೇವಿ ಬ್ರೆಡ್ಡಿಗೆ ಬೆಣ್ಣೆ ಸವರಿ ಕಚ್ಚುವಾಗ ನೋವಿಗೆ ಸ್ವಲ್ಪ ಮುಖ ಕಿವುಚಿದರು. ಅವರ ಮೇಲ್ತುಟಿಯ ಬಲಗಡೆ ನಾಣ್ಯದಗಲದ ಕೆಂಪು ಉಂಗುರ ಮೂಡಿತ್ತು. ಮೂರು ದಿನದಿಂದ ಕಣ್ಣೆದುರೇ ಇದ್ದದ್ದು ಸೌಜನ್ಯಾಳಿಗೆ ಈಗ, ಡೀನಿ ನೋಡಿದಾಗ, ಕಂಡಿತು.

ಡೀನಿ ನೋಡಿದಳು, ನೋಟ ತೆಗೆದಳು. ಹೊರಡುವಾಗ ಕೋಟಿನ ಜೇಬಿನಿಂದ ಸಣ್ಣ ತಗಡಿನ ಡಬ್ಬಿ ತೆಗೆದು ಗಿರಿಜಾದೇವಿಯ ಕೈಗಿಟ್ಟಳು. ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು. ಇಲ್ಲಿಯ ಚಳಿಗೆ ತುಟಿ ಒಡೆಯುತ್ತದೆ, ರಾತ್ರಿ ಹಚ್ಚಿಕೊಳ್ಳಲಿ ಎಂದು ಸೌಜನ್ಯಾಳಿಗೆ ಹೇಳಿ, ಹೊಸ್ತಿಲಲ್ಲಿ ಕಿತ್ತಲೆ ಬಣ್ಣದ ಮರದ ಮೆಟ್ಟು ಮೆಟ್ಟಿ ಹೊರಟುಹೋದಳು.

"ಈ ಊರಿನ ಮಂದಿ ಭಾಳ ಛಲೋ," ಎಂದರು ಗಿರಿಜಾದೇವಿ, ಡಬ್ಬಿ ಮೂಸಿ ನೋಡುತ್ತಾ. "ಆದ್ರ ಸ್ವಲ್ಪ ಮಂದ. ಒಬ್ಬರಿಗೂ ಗೊತ್ತಾಗಲಿಲ್ಲ ನೋಡು."

ಐದಕ್ಕೆ ಎರಡು ನಿಮಿಷವಿರುವಾಗ ಅವರು ಬಾವಿಯ ಬಳಿ ಬಂದರು. ಹಿಂದಿನ ಮೂರು ಸಂಜೆ ಅವರನ್ನು ಮರೆಮಾಡಿದ್ದ ಮಂಜು ಅಂದು ಇರಲಿಲ್ಲ. ಆಕಾಶ ತಿಳಿಯಾಗಿತ್ತು. ಹೊಲದಾಚೆ ಡೀನಿಯ ಅಂಗಳದ ದೊಡ್ಡ ದೀಪ ಇಲ್ಲಿಯ ಬಾವಿಕಟ್ಟೆಯ ಕಲ್ಲುಗಳನ್ನೂ ಎಣಿಸುವಷ್ಟು ಬೆಳಗುತ್ತಿತ್ತು. ಇವತ್ತು ಬೇಡ, ಕಾಣಿಸಿಬಿಡುತ್ತೇವೆ ಎಂದು ಸೌಜನ್ಯಾ ಹೇಳುವುದರಲ್ಲಿದ್ದಳು. ಗಿರಿಜಾದೇವಿ ಆಗಲೇ ಮುಲಾಮಿನ ತುಟಿಗಳನ್ನು ಒತ್ತಿ ಸರಿಮಾಡಿಕೊಳ್ಳುತ್ತಿದ್ದರು, ಕಣ್ಣು ಮುಚ್ಚಿತ್ತು.

ಅಷ್ಟರಲ್ಲಿ ಆಚೆಯ ದೀಪ ಆರಿತು. ಕರೆಂಟು ಹೋಗಿರಲಿಲ್ಲ. ಅಲ್ಲಿಯ ಅಡುಗೆಮನೆಯ ಕಿಟಕಿ ಹಾಗೇ ಬೆಳಗುತ್ತಿತ್ತು. ಅದರ ಹಿಂದೆ ಡೀನಿಯ ಬೆಳ್ಳಿಕೂದಲಿನ ತಲೆ ಸ್ವಿಚ್ಚಿನ ಬಳಿಯಿಂದ ಸರಿದು ಹೋಯಿತು.

ಬೆರ್ನಾರ್ಡನ ಕೊಂಬು ಶುರುವಾಯಿತು. ಸೌಜನ್ಯಾ ಬಗ್ಗಿ ಒದ್ದೆ ಮರದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಳು. ತಾನು ಕಂಡದ್ದನ್ನು ಶರಣನಿಗೂ ಹೇಳಬಾರದು, ಅತ್ತೆಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದುಕೊಂಡಳು.