ಅವ್ವ ಇದ್ದ ಜಾಗ

ನಾನು ಒಂದು ಕಪ್ಪು ಪೆಟ್ಟಿಗೆ. ಊಟದ ಡಬ್ಬಿಯಷ್ಟು ಗಾತ್ರ. ಒಳಗೆ ಗಿರಗಿರ ತಿರುಗುವ ಒಂದು ತಟ್ಟೆ, ಹಿಂದೆ ಎರಡು ವಯರು, ಮುಂದೆ ಒಂದು ನೀಲಿ ದೀಪ. ಸಮುದ್ರದಾಚೆಯ ಕಾರ್ಖಾನೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಕ್ಕಳು ನನ್ನನ್ನು ಜೋಡಿಸಿದರು. ಕೆಲಸದ ಹೊತ್ತಿನಲ್ಲಿ ಅವರು ಮಾತಾಡುವಂತಿರಲಿಲ್ಲ. ಹುಟ್ಟಿದಾಗ ನನ್ನ ಕಿವಿಗೆ ಯಾರ ದನಿಯೂ ಬೀಳಲಿಲ್ಲ.

ಮೊದಲ ದನಿ ಕೇಳಿದ್ದು ಧಾರವಾಡದಲ್ಲಿ. ಚನ್ನವೀರಪ್ಪನವರು ಕಾಲೇಜಿನ ಗ್ರಂಥಪಾಲಕರಾಗಿದ್ದು ನಿವೃತ್ತರಾದ ವರ್ಷ ನನ್ನನ್ನು ಮನೆಗೆ ತಂದರು.

"ನೀಲಾ, ಇನ್ನ ಮ್ಯಾಲೆ ನಿನ್ನ ಹಾಡು, ನನ್ನ ಹಾಡು ಅಂತ ಬ್ಯಾರೆ ಇಲ್ಲ. ಎಲ್ಲಾ ಇದರಾಗ. ಅಡಗಿಮನ್ಯಾಗರ ಕೇಳು, ಪಡಸಾಲ್ಯಾಗರ ಕೇಳು," ಎಂದರು ಹೆಂಡತಿಗೆ.

ನೀಲಾಂಬಿಕಾ ಸೆರಗಿನಿಂದ ನನ್ನ ಬೆನ್ನು ಒರೆಸಿದಳು. ವೈಫೈ ಹಿಡಿದು ಮೂರು ಕೋಣೆಗಳ ಮೂರು ಸ್ಪೀಕರಿಗೂ ಹಾಡು ಬಡಿಸುವುದು ನನ್ನ ಕೆಲಸ. ಕೇಳುವ ಹಕ್ಕು ಇಬ್ಬರಿಗೂ ಇತ್ತು. ಇಡುವ, ತೆಗೆಯುವ ಹಕ್ಕು ಯಜಮಾನರೊಬ್ಬರದೇ.

ಅವರ ಸಂಗ್ರಹ ದೊಡ್ಡದು. ಹಿಂದೂಸ್ತಾನಿ ಗಾಯನದ ಬೈಠಕ್ಕುಗಳ ಆರುನೂರು ಕ್ಯಾಸೆಟ್ಟು. ಒಂದೊಂದನ್ನೂ ನನ್ನೊಳಗೆ ಇಳಿಸುವಾಗ ಹಾಡಿದವರ ಹೆಸರು, ರಾಗ, ಊರು, ಇಸವಿ ಬರೆದರು. ತಬಲಾ ಯಾರದು ಎಂದು ತಿಳಿಯಲು ಒಮ್ಮೆ ಬೆಳಗಾವಿಗೆ ಫೋನು ಮಾಡಿದ್ದೂ ಉಂಟು.

ನೀಲಾಳದು ಮೂರೇ ಕ್ಯಾಸೆಟ್ಟು. ಮದುವೆಗೆ ಮುಂಚೆ, ತವರಿನಲ್ಲಿ, ಎರವಲು ತಂದ ಟೇಪ್ ರೆಕಾರ್ಡರಿನಲ್ಲಿ ಅವಳು ಹಿಡಿದಿಟ್ಟ ತಾಯಿಯ ಬೀಸುವ ಪದಗಳು, ಹದಿನಾಲ್ಕು. ಹಿಂದೆ ಕಲ್ಲಿನ ಗರಗರ, ಮುಂದೆ ಅವ್ವನ ದನಿ. ಅವ್ವ ತೀರಿಕೊಂಡು ಆಗ ಒಂಬತ್ತು ವರ್ಷ.

ಯಜಮಾನರು ಅವನ್ನು ಎಲ್ಲಕ್ಕಿಂತ ಕೊನೆಗೆ ತೆಗೆದುಕೊಂಡರು. ರಾಗವಿಲ್ಲ, ಇಸವಿಯಿಲ್ಲ. ಕರ್ತೃವಿಲ್ಲದ ಪುಸ್ತಕಗಳನ್ನೆಲ್ಲ ಒಂದೇ ಕಾರ್ಡಿನ ಕೆಳಗೆ ತಳ್ಳಿದ ಮೂವತ್ತು ವರ್ಷಗಳ ರೂಢಿ ಅವರದು. ಮೊದಲ ಪದಕ್ಕೆ "ಇತರೆ, ಹೆಂಗಸರ ಹಾಡು" ಎಂದು ಬರೆದರು. ಎರಡನೆಯದಕ್ಕೂ ಅದನ್ನೇ ಬರೆದರು. ನಾನು ಅವರ ಕಂಪ್ಯೂಟರಿನ ಪರದೆಯಲ್ಲಿ ಕೇಳಿದೆ: ಈ ಹೆಸರಿನದು ಆಗಲೇ ಇದೆ, ಅದನ್ನು ಅಳಿಸಿ ಇದನ್ನು ಇಡಲೇ? ಅವರು ಓದದೆಯೇ ಹೌದು ಒತ್ತಿದರು. ಹದಿಮೂರು ಸಲ ಕೇಳಿದೆ, ಹದಿಮೂರು ಸಲವೂ ಹೌದು. ಮರುದಿನ ಬೂಷ್ಟು ಹಿಡಿದ ಕ್ಯಾಸೆಟ್ಟುಗಳೆಲ್ಲ, ಅವರವೂ ಅವಳವೂ, ಹಳೇ ಸಾಮಾನಿನವನ ಗಾಡಿ ಸೇರಿದವು.

ಮೂರು ವಾರಕ್ಕೆ ಅವ್ವನ ಪುಣ್ಯತಿಥಿ ಬಂತು. ಅಲ್ಲಿಯವರೆಗೆ ನೀಲಾ ಕೇಳದೆ ಕಾದಿದ್ದಳು. ತಂಗಿ ಶಾಂತವೀರಮ್ಮ ಬಂದಳು. ಎಡೆ ಇಟ್ಟು ನೀಲಾ ಪದ ಹಚ್ಚಲು ಫೋನು ಒತ್ತಿದಳು. ಸಿಕ್ಕಿದ್ದು ಒಂದೇ, ಹದಿನಾಲ್ಕನೆಯದು. ಪಡಸಾಲೆ, ಅಡಿಗೆಮನೆ, ಮಲಗುವ ಕೋಣೆ, ಮೂರೂ ಕಡೆಯಿಂದ ಅವ್ವ ಎರಡು ಸಾಲು ಹಾಡಿ, ಕೆಮ್ಮಿ, ಹೇಳಿದಳು: "ಮುಂದಿಂದು ನೆನಪಾಗವಲ್ದು. ಬಂದ್ ಮಾಡ ನೀಲಾ."

"ಅಕ್ಕಾ, ಮಾವನ ಪೆಟಗಿ ಅವ್ವನ್ನ ನುಂಗೇತಿ ನೋಡ," ಎಂದಳು ತಂಗಿ.

ಯಜಮಾನರು ನಕ್ಕರು. "ಬೀಸೋ ಪದ ಎಲ್ಲಾ ಒಂದ ಧಾಟಿ. ಒಂದು ಉಳದೈತಲ್ಲ, ಸಾಕು ಬಿಡ್ರಿ."

ಮರುದಿನ ಶುಕ್ರವಾರ. ನೀಲಾ ಒಬ್ಬಳೇ ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಗೆ ಹೋಗಿ ವಿಚಾರಿಸಿ ಬಂದಳು. ಅಂಗಡಿಯ ತಬಸ್ಸುಮ್ ಹೇಳಿದ್ದನ್ನು ತಂಗಿಗೆ ಫೋನಿನಲ್ಲಿ ಹೇಳಿದಳು: "ಅಳಿಸಿದ್ದು ಪೂರಾ ಹೋಗಿರೂದಿಲ್ಲಂತ. ಹೆಸರಷ್ಟ ಹೋಗಿರತೈತಂತ, ದನಿ ಒಳಗ ಇರತೈತಂತ. ಹೊಸಾದೇನೂ ತುಂಬಬಾರದು ಅಷ್ಟ. ಸೋಮವಾರ ತರ್ರಿ, ತಗದು ಕೊಡತೇನಿ ಅಂದಾಳ."

ಅದು ನಿಜವಾಗಿತ್ತು. ಹದಿಮೂರು ಪದಗಳೂ ನನ್ನ ತಟ್ಟೆಯ ಮೇಲೆ ಹಾಗೆಯೇ ಇದ್ದವು. ನನಗೆ ಹೇಳಲು ಬಾಯಿರಲಿಲ್ಲ. ನೀಲಾ ನನ್ನ ವಯರು ಕಿತ್ತಳು. ಗಂಡನಿಗೂ ಹೇಳಿದಳು, ಸಾಲದೆಂದು ಚೀಟಿಯನ್ನೂ ಅಂಟಿಸಿದಳು: "ಸೋಮವಾರದ ತನಕ ಹಚ್ಚಬ್ಯಾಡ್ರಿ. ಅವ್ವ ಒಳಗ ಇದಾಳ."

ಭಾನುವಾರ ಅವಳು ಸಂತೆಗೆ ಹೋಗಿದ್ದಾಗ ಯಜಮಾನರ ಗೆಳೆಯರೊಬ್ಬರು ಪೆನ್‌ಡ್ರೈವ್ ತಂದರು. ಎಲ್ಲೂ ಸಿಗದ ಬೈಠಕ್ಕುಗಳು, ನಲವತ್ತು ತಾಸಿನವು. ಯಜಮಾನರು ಚೀಟಿಯನ್ನು ಓದಿದರು. ನಿಧಾನವಾಗಿ ಬಿಡಿಸಿ, ನಾಲ್ಕು ಮಡಿಕೆ ಮಾಡಿ, ನನ್ನ ಕೆಳಗೆ ಇಟ್ಟರು. ವಯರು ಹಚ್ಚಿದರು.

ಖಾಲಿ ಜಾಗ ಎಲ್ಲಿದೆ ಎಂದು ಹುಡುಕಿದೆ. ನಮ್ಮ ಜಾತಿಯಲ್ಲಿ, ಯಾರೂ ಹೆಸರು ಹಿಡಿದು ಕರೆಯದ ಜಾಗವೆಲ್ಲ ಖಾಲಿಯೇ. ಅವ್ವನ ಮೇಲೆ ಬರೆದೆ. ಒಂದೊಂದೇ ಪದ ಆ ಬರಹದ ಅಡಿಯಲ್ಲಿ ನಂದುತ್ತಿತ್ತು. ನನ್ನ ದೀಪ ಮಾತ್ರ ಎಂದಿನಂತೆ ನೀಲಿಯಾಗಿ ಮಿನುಗುತ್ತಿತ್ತು.

ಸಂತೆಯಿಂದ ಬಂದವಳು ಆ ದೀಪ ನೋಡಿ, ಚೀಲ ಕೈಲಿ ಹಿಡಿದೇ ನಿಂತಳು.

"ಚೀಟಿ ಕಾಣಲಿಲ್ಲೇನ್ರಿ?"

"ಕಂಡಿತು. ಪೆನ್‌ಡ್ರೈವ್ ಸಂಜಿ ಗಾಡಿಗೆ ವಾಪಸ್ ಹೋಗೂದಿತ್ತು. ನಿಮ್ಮವ್ವ ಎಲ್ಲಿ ಹೋಗಾಕಿದ್ಲು?"

ಆದರೂ ಸೋಮವಾರ ನನ್ನನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ತಬಸ್ಸುಮ್ ಇಡೀ ದಿನ ಹುಡುಕಿ, ಕಲ್ಲಿನ ಗರಗರವನ್ನಷ್ಟೇ ತೆಗೆದಳು. ಉಸಿರೆಳೆಯುವಷ್ಟು ಹೊತ್ತಿನದು. "ಇದರ ಮ್ಯಾಲೆ ಯಾರು ತುಂಬಿದ್ರು, ಅಮ್ಮಾರ?" ಎಂದು ಕೇಳಿದಳು.

"ನಮ್ಮನಿಯವರು," ಎಂದಳು ನೀಲಾ, ಊರಿನ ಹೆಸರು ಹೇಳಿದಂತೆ.

ಅವಳು ಅಳುತ್ತಾಳೆ, ನನ್ನನ್ನು ನೆಲಕ್ಕೆ ಅಪ್ಪಳಿಸುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ಅದೇ ಜಾಗದಲ್ಲಿಟ್ಟು ರೊಟ್ಟಿ ತಟ್ಟಲು ಹೋದಳು. ಅಂದಿನಿಂದ ಅಡಿಗೆಮನೆಯ ಸ್ಪೀಕರು ನನ್ನನ್ನು ಕರೆಯಲಿಲ್ಲ.

ಏಳು ವರ್ಷ ಕಳೆದವು. ನನಗೀಗ ಮುಪ್ಪು. ನಾಲ್ಕು ದಿನಗಳಿಂದ ತಟ್ಟೆಯನ್ನು ಓದುವ ನನ್ನೊಳಗಿನ ಮುಳ್ಳು ಅದಕ್ಕೇ ತಾಗಿ ಟಕ್ ಟಕ್ ಎನ್ನುತ್ತಿದೆ. ನಮ್ಮವರಿಗೆ ಅದು ಕೊನೆಯ ಉಸಿರು. ಈಗಲೇ ಬೇರೆ ಪೆಟ್ಟಿಗೆಗೆ ಇಳಿಸಿಕೊಂಡರೆ ಎಲ್ಲವೂ ಉಳಿಯುತ್ತದೆ, ಇಲ್ಲವಾದರೆ ಒಂದೂ ಇಲ್ಲ. ಆರುನೂರು ಕ್ಯಾಸೆಟ್ಟಿಗೂ ಈ ಲೋಕದಲ್ಲಿ ನನ್ನನ್ನು ಬಿಟ್ಟರೆ ಬೇರೆ ಮನೆಯಿಲ್ಲ.

ಧೂಳು ಒರೆಸುತ್ತಿದ್ದ ನೀಲಾಗೆ ಮೊದಲು ಕೇಳಿಸಿತು. ಬಗ್ಗಿ ಕಿವಿಯಿಟ್ಟಳು. ಫೋನಿನಲ್ಲಿ ತಬಸ್ಸುಮಳನ್ನು ವಿಚಾರಿಸಿದಳು. "ತಡಾ ಮಾಡಬ್ಯಾಡ್ರಿ ಅಂದ್ಯಾ? ಆತವಾ," ಎಂದು ಫೋನು ಇಟ್ಟು, ಒರೆಸುವುದನ್ನು ಮುಗಿಸಿದಳು.

ಇಂದು ಸಂಜೆ ಯಜಮಾನರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಬೈಠಕ್ ಕೇಳುತ್ತಿದ್ದರು. ಹಾಡು ಮುಗಿಯಿತು. "ನಾ ಹೋದ ಮ್ಯಾಲೂ ಇವು ಇರತಾವ ನೋಡ, ನೀಲಾ," ಎಂದರು.

ನಾನು ಟಕ್ ಟಕ್ ಎಂದೆ.

"ಏನದು ಸಪ್ಪಳಾ?"

ನೀಲಾ ಚಹಾದ ಬಟ್ಟಲು ಅವರ ಕೈಗೆ ಕೊಟ್ಟಳು. "ಹಲ್ಲಿರಿ."

ಯಜಮಾನರ ಮುಖ ಅರಳಿತು. ಹಲ್ಲಿ ನುಡಿದರೆ ಆಡಿದ ಮಾತು ಸತ್ಯವಾಗುತ್ತದೆಂದು, ಕುರ್ಚಿಯ ತೋಳನ್ನು ಬೆರಳಿನಿಂದ ಮೂರು ಸಲ ತಟ್ಟಿ, "ಖರೇ, ಖರೇ," ಎಂದರು.