ಬಾಜೂದ ಕುರ್ಚಿ

ತೋರಾಬಾಯಿ ಮತ್ತು ವೆರೇನಾಬಾಯಿ ಜಗಳಾಡುತ್ತಿದ್ದುದು ಕನ್ನಡದಲ್ಲಿ. ಒಬ್ಬರು ನಾರ್ವೆಯವರು, ಇನ್ನೊಬ್ಬರು ಸ್ವಿಟ್ಜರ್‌ಲೆಂಡಿನವರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು, ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೆ. ಹೀಗಾಗಿ ಹತ್ತೊಂಬತ್ತು ವರ್ಷ ನಮ್ಮ ಸಂತೆಯ ಹೆಂಗಸರಿಂದ ಕಲಿತ ಮಾತಿನಲ್ಲೇ ಬೈದಾಡಿಕೊಂಡು, ಅದರಲ್ಲೇ ರಾಜಿಯಾಗುತ್ತ ಬಂದಿದ್ದರು. ತೋರಾಬಾಯಿ ಮೂಡಲಗಿಯ ಮಿಶನ್ ದವಾಖಾನೆಯ ನರ್ಸು. ನಾನು ಅಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವವನು. ವೆರೇನಾಬಾಯಿ ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದರು.

೧೯೫೮ರಲ್ಲಿ ತೋರಾಬಾಯಿಗೆ ಅರವತ್ತು ತುಂಬಿತು. ತಾಯ್ನಾಡಿಗೆ ಮರಳಿರೆಂದು ಮಿಶನ್ನಿನ ಕಾಗದ ಬಂತು. ನಮ್ಮಲ್ಲಿ ಹೀಗೆ ಹೋಗುವವರಿಗೆ ಗೋಕಾಕದ ಯೇಸುವಿನ ಗುಡಿಯಲ್ಲಿ ಪ್ರಭುಭೋಜನ ಇಡುತ್ತಿದ್ದರು. ಹೋಗುವವರು ರೊಟ್ಟಿ ಮುರಿದು ಮೊದಲ ತುಂಡನ್ನು ಬಾಜೂದವರ ಕೈಗೆ ಕೊಡಬೇಕು. ಬಾಜೂದ ಕುರ್ಚಿಯಲ್ಲಿ ಯಾರು ಎಂಬುದು ಹೋಗುವವರ ಇಷ್ಟ. ತೋರಾಬಾಯಿ ವೆರೇನಾಬಾಯಿಯ ಹೆಸರು ಹೇಳಿದರು. ಮಿಶನ್ನಿನ ಯಜಮಾನಿಕೆ ನೋಡುತ್ತಿದ್ದ ದೊಡ್ಡ ಸಾಹೇಬರು ಆಗುವುದಿಲ್ಲ ಅಂದರು.

ಯಾಕೆಂದು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹಿಂದಿನ ವರ್ಷ ಕಲ್ಲೋಳಿಯ ಕುರುಬರ ಹಟ್ಟಿಯಲ್ಲಿ ಶೆಟ್ಟೆವ್ವನ ಸೊಸೆ ಎರಡು ದಿನದಿಂದ ಹೆರಲಾರದೆ ಒದ್ದಾಡುತ್ತಿದ್ದಳು. ಕರೆ ಬಂದದ್ದು ತೋರಾಬಾಯಿಗೆ. ಅವರಿಗೆ ಜ್ವರ. ಅವರನ್ನು ನೋಡಲು ಬಂದಿದ್ದ ವೆರೇನಾಬಾಯಿ ನನ್ನನ್ನು ಕರೆದುಕೊಂಡು ಚಕ್ಕಡಿ ಹತ್ತಿದರು. ಬೆಳಗಾಗುವಷ್ಟರಲ್ಲಿ ತಾಯಿಯೂ ಉಳಿದಳು, ಕೂಸೂ ಉಳಿಯಿತು. ಶೆಟ್ಟೆವ್ವ ತಮ್ಮ ದೇವರು ಬೀರಪ್ಪನ ಭಂಡಾರ ತಂದು, ಆ ಅರಿಷಿಣ ಪುಡಿಯನ್ನು ನಮ್ಮಿಬ್ಬರ ಹಣೆಗೂ ಹಚ್ಚಿದಳು. ನಾನು ಬರುವ ದಾರಿಯಲ್ಲಿ ಹಳ್ಳದ ನೀರಿನಿಂದ ಒರೆಸಿಕೊಂಡೆ. ವೆರೇನಾಬಾಯಿ ಒರೆಸಿಕೊಳ್ಳಲಿಲ್ಲ. ಅದು ಭಾನುವಾರ. ಹಾಗೆಯೇ ಗೋಕಾಕಕ್ಕೆ ಹೋಗಿ ಗುಡಿಯಲ್ಲಿ ಕೂತುಬಿಟ್ಟರು.

ಬಂದು ಮೂರು ವರ್ಷವಾಗಿದ್ದ ಸಾಹೇಬರಿಗೆ ಅದು ಮೂರ್ತಿಪೂಜೆಯಾಗಿ ಕಂಡಿತು. ಸಭೆಯ ಮುಂದೆ ತಪ್ಪೊಪ್ಪಿಕೊಳ್ಳಿ ಅಂದರು. ವೆರೇನಾಬಾಯಿ ಒಪ್ಪಲಿಲ್ಲ. ಆ ಮುದುಕಿ ತನ್ನ ಹತ್ತಿರ ಇದ್ದುದರಲ್ಲಿ ದೊಡ್ಡದನ್ನು ಕೊಟ್ಟಳು, ಅದನ್ನು ಅವಳ ಎದುರೇ ಒರೆಸಲೇ ಎಂದು ಕೇಳಿದರು. ಅಂದಿನಿಂದ ಅವರಿಗೆ ಪ್ರಭುಭೋಜನ ಬಂದ್. ಹೆರಿಗೆ ಮಾಡಿಸುವುದು ಮಾತ್ರ ಬಂದ್ ಆಗಲಿಲ್ಲ ನೋಡಿ, ಅದು ಮಿಶನ್ನಿಗೆ ಬೇಕಿತ್ತು.

ತೋರಾಬಾಯಿ ಸಾಹೇಬರಿಗೆ ಎರಡು ಕಾಗದ ಬರೆದರು. ಎರಡಕ್ಕೂ ಒಂದೇ ಉತ್ತರ. ಕೊನೆಗೆ ನನಗೆ ಹೇಳಿದರು: "ರಾಚಪ್ಪ, ಆಕಿ ಕುಂದ್ರಲಿಲ್ಲಂದ್ರ ನಾನೂ ಕುಂದ್ರಾಂಗಿಲ್ಲ. ನನ್ನ ಸಲುವಾಗಿ ಹ್ವಾದಾಕಿ ಆಕಿ." ಹುಕ್ಕೇರಿಗೆ ವೆರೇನಾಬಾಯಿಗೂ ಇದೇ ಮಾತು ಬರೆದು ಹಾಕಿದರು.

ಪ್ರಭುಭೋಜನದ ದಿನ ವೆರೇನಾಬಾಯಿ ಮೊದಲನೇ ಬಸ್ಸಿಗೇ ಬಂದು, ಗುಡಿಯ ಕಟ್ಟೆಯ ಮೇಲೆ ಚಪ್ಪಲಿಗಳ ಬಾಜೂ ಕೂತರು. ಇವತ್ತು ತೋರಕ್ಕ ಸಾಹೇಬರಿಗೆ ನೀರು ಇಳಿಸುತ್ತಾಳೆ, ನೋಡುತ್ತಿರು ಎಂದು ನನ್ನೊಡನೆ ನಕ್ಕರು. ಒಳಗೆ ಸಾಹೇಬರು ತೋರಾಬಾಯಿಯನ್ನು ಮೂಲೆಗೆ ಕರೆದು, ನೀವು ಹಟ ಮಾಡಿದರೆ ಮೂಡಲಗಿಗೆ ಬೇರೆ ನರ್ಸನ್ನು ಕಳಿಸುವುದು ಕಷ್ಟವಾದೀತು ಅಂದರು. ಪುಸ್ತಕದ ಕನ್ನಡದಲ್ಲಿ, ಬಹಳ ಮೆತ್ತಗೆ ಅಂದರು. ನಾನು ಮಾರು ದೂರದಲ್ಲಿದ್ದೆ.

ತೋರಾಬಾಯಿ ಕುಳಿತರು. ಬಾಜೂದ ಕುರ್ಚಿಗೆ ನನ್ನನ್ನು ಕರೆದರು. ರೊಟ್ಟಿ ಮುರಿದರು. ಮೊದಲ ತುಂಡು ನನ್ನ ಅಂಗೈಗೆ ಬಂತು. ಭಂಡಾರ ಹಚ್ಚಿಸಿಕೊಂಡ ಹಣೆ ನನ್ನದೂ ಹೌದು ಎಂದು ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ತಿಂದೆ. ಸಾಹೇಬರ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನನಗೆ ಆ ತುತ್ತಿನ ಮೇಲಿದೆ.

ಹೊರಗೆ ಬಂದಾಗ ವೆರೇನಾಬಾಯಿ ಎದ್ದು ನಿಂತು, "ಉಂಡಿ?" ಎಂದರು.

"ಉಂಡೆ," ಅಂದರು ತೋರಾಬಾಯಿ. "ದವಾಖಾನಿ ಮುಚ್ಚತಾರಂತ."

ಅಷ್ಟರಲ್ಲಿ ಸಾಹೇಬರು ನಗುನಗುತ್ತ ಬಂದು ಫೋಟೋಕ್ಕೆ ಎಲ್ಲರೂ ನಿಲ್ಲಬೇಕೆಂದರು. ವೆರೇನಾಬಾಯಿಯವರೂ ಬರಬಹುದು, ಫೋಟೋಕ್ಕೆ ಏನೂ ಅಡ್ಡಿಯಿಲ್ಲ ಎಂದರು.

"ಫೋಟೋಕ್ಕ ನನ್ನ ಹಣಿ ನಡೀತೈತೇನ್ರಿ ಸಾಹೇಬ್ರ?"

ತೋರಾಬಾಯಿ ಬೀಳ್ಕೊಡುಗೆಗೆಂದು ತಮ್ಮ ಕೊರಳಿಗೆ ಹಾಕಿದ್ದ ಹಾರ ತೆಗೆದು ಸಾಹೇಬರ ಕೈಗಿಟ್ಟರು. "ನಾನೂ ನಿಂದ್ರಾಂಗಿಲ್ರಿ. ಇದನ್ನ ಕುರ್ಚಿಗೆ ಹಾಕಿ ತಗಸ್ಕೋರಿ." ಅವರನ್ನು ಸ್ಟೇಷನ್ನಿಗೆ ಒಯ್ಯಲು ಮಿಶನ್ನಿನ ಮೋಟಾರು ಕಾದು ನಿಂತಿತ್ತು. ಅದನ್ನು ದಾಟಿ ಹೋಗಿ ಟಾಂಗಾ ಕರೆದರು. ನಾನು ಅವರ ಪೆಟ್ಟಿಗೆ ಹೊತ್ತು ಹಿಂದೆ ಓಡಿದೆ.

ಗೋಕಾಕ ರೋಡ್ ಸ್ಟೇಷನ್ ಬರುವತನಕ ಇಬ್ಬರೂ ಜಗಳಾಡಿದರು. ಟಾಂಗಾದವನು ಲಗಾಮು ಹಿಡಿದೇ ತಿರುತಿರುಗಿ ನೋಡುತ್ತಿದ್ದ.

"ಅರ್ಧ ತಾಸು ತಡಾ ಮಾಡಿದಿ, ತೋರಕ್ಕ. ಅರ್ಧ ತಾಸು ಮೊದಲ ಏಳಬೇಕಿತ್ತು ನೀ."

"ಖರೆ."

"ಖರೆ ಅಂದ್ರ ಮುಗೀತೇನು? ನಾ ಹೊರಗ ಕುಂತು ಬಾಗಲಾನ ನೋಡಾಕತ್ತಿದ್ದೆ."

"ನೀ ನೋಡೂದು ನನಗೂ ಕಾಣಾಕತ್ತಿತ್ತು. ಬೈಯಿ, ಇನ್ನೂ ಬೈಯಿ. ಅಲ್ಲಿ ಹ್ವಾದಮ್ಯಾಗ ಕನ್ನಡದಾಗ ಬೈಯವರು ಯಾರದಾರ ನನಗ?"

ವೆರೇನಾಬಾಯಿ ಬೈದರು. ಗಾಡಿ ಹೊರಟ ಮೇಲೂ ಕಿಟಕಿಯ ಸಳಿ ಹಿಡಿದುಕೊಂಡು, ಪ್ಲಾಟ್‌ಫಾರ್ಮಿನ ಕೊನೆಯತನಕ ನಡೆಯುತ್ತ, ಅಳುತ್ತ ಬೈದರು.

ಮೂಡಲಗಿಗೆ ನರ್ಸು ಬರಲಿಲ್ಲ. ಮುಂದಿನ ವರ್ಷ ದವಾಖಾನೆಗೆ ಬೀಗ ಬಿತ್ತು. ಬೀಗ ಹಾಕಲು ಸಾಹೇಬರು ತಾವೇ ಬಂದಿದ್ದರು. ಕೀಲಿ ಹಿಡಿದುಕೋ ಅಂದರು. ನಾನು ಹಿಡಿಯಲಿಲ್ಲ.